ಸಿಂಗಪುರದ ಸೊಳ್ಳೆ, ನಮ್ಮ ಕಾಡಿನ ಉಣುಗು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಸಿಂಗಪುರದಲ್ಲಿದ್ದಾಳೆ, ಚೊಚ್ಚಲ ಬಸುರಿ, ಎಂಟು ತಿಂಗಳು. ಬಾಣಂತನಕ್ಕೆ ಹೋಗಲು ಟಿಕೆಟ್ ಮಾಡಿಸಿ ಆಗಿದೆ. ಈಗ ಅಲ್ಲಿ ಡೆಂಗಿ ಹೆಚ್ಚಿದೆಯಂತೆ. ನಿನಗೆ ಒಂದು ಸಲ ಡೆಂಗಿ ಬಂದುಹೋಗಿದೆ, ದುಡ್ಡು ಹೋದರೆ ಹೋಗಲಿ, ಟಿಕೆಟ್ ರದ್ದು ಮಾಡು ಅನ್ನುತ್ತಾರೆ ಯಜಮಾನರು. ಏನು ಮಾಡಲಿ?’

ಅಮ್ಮಾ, ಹೋಗಿ ಬನ್ನಿ.

ಯಜಮಾನರ ಮಾತನ್ನು ತಳ್ಳಿಹಾಕುತ್ತಿಲ್ಲ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದವರಿಗೆ ಮತ್ತೊಂದು ತಗುಲಿದರೆ ಕಾಯಿಲೆ ಜೋರಾಗುವ ಸಂಭವ ಹೆಚ್ಚು. ಡಾಕ್ಟರಿಗೆ ಇದನ್ನು ಹೇಳಿಯೇ ಹೊರಡಿ. ಆದರೆ ಆ ಎರಡನೇ ಸೊಳ್ಳೆ ಸಿಂಗಪುರದಲ್ಲೇ ಕಾದು ಕೂತಿದೆ ಅಂತ ಏನು? 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನಮ್ಮ ರಾಜ್ಯ ಸರ್ಕಾರವೇ. ತೋಟದಲ್ಲಿ ಬಿದ್ದ ಅಡಕೆ ಹಾಳೆಯನ್ನು ಮಳೆಗಾಲದಲ್ಲಿ ಒಮ್ಮೆ ಬಗ್ಗಿ ನೋಡಿ, ನಿಂತ ನೀರಲ್ಲಿ ಮರಿಗಳು ಮಿಜಿಮಿಜಿ ಅನ್ನುತ್ತಿರುತ್ತವೆ.

ರೋಗ ಯಾವ ದಾರಿಯಲ್ಲಿ ಬರುತ್ತದೆಂದು ಕೇಳದೆ, ಊರಿನ ಹೆಸರು ಕೇಳಿಯೇ ಹೆದರುತ್ತೇವೆ. ಅದೇ ನನ್ನ ತಕರಾರು. 2016ರಲ್ಲಿ ಬಸುರಿಯೊಬ್ಬರು ಬ್ರೆಜಿಲ್‌ಗೆ ಹೋಗಲೇ ಎಂದು ಕೇಳಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. ಆಗ ಅಲ್ಲಿ ಸೊಳ್ಳೆಯಿಂದ ಹರಡುತ್ತಿದ್ದ ಜೀಕಾ ವೈರಸ್ ಹೊಟ್ಟೆಯ ಕೂಸಿನ ಮಿದುಳಿಗೇ ಪೆಟ್ಟು ಕೊಡುತ್ತಿತ್ತು. ನಿಮ್ಮ ವಿಷಯ ಬೇರೆ.

ಹೆಸರಿಗೆ ಹೆದರುವುದರ ಬಿಸಿ ಮಲೆನಾಡಿಗೆ ತಟ್ಟಿದಷ್ಟು ಇನ್ನಾರಿಗೆ ತಟ್ಟಿದೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು, ಲೋಕದ ವೈದ್ಯಪುಸ್ತಕಗಳಲ್ಲೆಲ್ಲ ಆ ಕಾಡಿನ ಹೆಸರೇ ನಿಂತಿತು. ಅದು ಬರುವುದು ಕಾಡಿನ ಉಣುಗು ಕಚ್ಚಿ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಸಾವುಗಳಾದವಲ್ಲ, ಆಗ ನಮ್ಮ ಮನೆಯ ಮದುವೆಯೊಂದು ಶಿವಮೊಗ್ಗ ಪೇಟೆಯ ನಡುವಿನ ಛತ್ರದಲ್ಲಿತ್ತು. ಬೆಂಗಳೂರಿನ ನೆಂಟರು ಅರ್ಧಕ್ಕರ್ಧ ಬರಲಿಲ್ಲ. ಅದೇ ವಾರ ಹಳ್ಳಿಮನೆಗೆ ಹೋದರೆ, ಕೊಟ್ಟಿಗೆ ಕೆಲಸಕ್ಕೆ ಬರುವ ಹೆಂಗಸು ದರಗಿನ ಹೆಡಿಗೆ ಹೊತ್ತು ಗುಡ್ಡ ಇಳಿಯುತ್ತಿದ್ದರು, ಬರಿಗಾಲಲ್ಲಿ. ಉಣುಗಿಗೆಂದು ಇಲಾಖೆಯವರು ಕೊಟ್ಟ ಎಣ್ಣೆಯ ಬಾಟಲಿ ಮುಚ್ಚಳ ತೆಗೆಯದೆ ಕಿಟಕಿಯಲ್ಲಿತ್ತು. ‘ಅಂಟಂಟು, ಬೆವರಿದರೆ ಉರೀತದೆ’ ಅಂದರು. ಅವರ ಕಣಕಾಲಿಂದ ಎಳ್ಳಿಗಿಂತ ಸಣ್ಣ ಎರಡು ಉಣುಗನ್ನು ನಮ್ಮಮ್ಮ ಚಿಮಟದಲ್ಲಿ ಹಿಡಿದು ಕಿತ್ತರು. ಅಂಥವರಿಗೆಂದು ಹಾಕುತ್ತಿದ್ದ ಲಸಿಕೆಯೂ ಪರಿಣಾಮ ಸಾಲದೆಂದು 2022ರಲ್ಲಿ ನಿಂತಿತು. ಪರದೇಶದ ಜ್ವರಕ್ಕೆ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಜ್ವರ ಬಂದು ಮಲಗಿದವರು, ಘಟ್ಟ ಇಳಿದು ದೊಡ್ಡಾಸ್ಪತ್ರೆ ಹುಡುಕುವವರು, ಪರದೆಯ ಕೆಳಗೆ ಓಡುವ ಒಂದು ಸಾಲು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಸಿಂಗಪುರಕ್ಕೆ ಬರೋಣ. 2020ರಲ್ಲಿ ಆ ಪುಟ್ಟ ದೇಶದಲ್ಲಿ ಡೆಂಗಿ ಪ್ರಕರಣ 35,000 ದಾಟಿತ್ತು. ಅವರು ಲೆಕ್ಕ ಮುಚ್ಚಿಡುವುದಿಲ್ಲ. ಡೆಂಗಿ ಕಂಡ ಬಡಾವಣೆಯಲ್ಲಿ ಬ್ಯಾನರ್ ಕಟ್ಟುತ್ತಾರೆ: ಪ್ರಕರಣ ಹತ್ತರೊಳಗಿದ್ದರೆ ಹಳದಿ, ಹತ್ತು ಮುಟ್ಟಿದರೆ ಕೆಂಪು. ಮನೆಯಲ್ಲಿ ಸೊಳ್ಳೆಮರಿ ಸಿಕ್ಕರೆ ದಂಡ. ನಿಮ್ಮ ಮಗಳು ಆ ಊರಲ್ಲೇ ಇದ್ದಾಳೆ, ಡೆಂಗಿ ಬಸುರಿಯರಿಗೆ ಇನ್ನೂ ಭಾರ. ಎಂಟನೇ ತಿಂಗಳಲ್ಲಿ ಹೂಕುಂಡದ ತಟ್ಟೆಯ ನೀರು ಚೆಲ್ಲಲು ಅವಳಿಂದ ಬಗ್ಗಲಾಗುತ್ತದೆಯೇ? ನೀವು ಅಲ್ಲಿರಬೇಕು ಅನ್ನುವುದು ಇದಕ್ಕೇ.

ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಬೆಳಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ ಹೆಚ್ಚು. ರಾತ್ರಿ ಪರದೆ ಕಟ್ಟಿದರಷ್ಟೇ ಸಾಲದು. ತುಂಬುತೋಳು ಹಾಕಿ, ಸೊಳ್ಳೆ ಕ್ರೀಮು ಬಿಡಬೇಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ. ಪ್ರಯಾಣವಿಮೆ ಮಾಡಿಸುವಾಗ, ಮೊದಲೇ ಸುದ್ದಿಯಾದ ರೋಗಕ್ಕೆ ಅದು ಸಲ್ಲುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ವಾಪಸು ಬಂದು ಎರಡು ವಾರದೊಳಗೆ ಮೈ ಬಿಸಿಯಾದರೆ ಎಲ್ಲಿಂದ ಬಂದಿರೆಂದು ಡಾಕ್ಟರಿಗೆ ಮೊದಲು ಹೇಳಿ, ನಿಮ್ಮನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಯವರನ್ನೂ ಕಚ್ಚೀತು.

ಯಜಮಾನರಿಗೆ ಈ ಪುಟ ಓದಿ ಹೇಳಿ. ಆಮೇಲೆ ಇಬ್ಬರೂ ಕೂತು ಮಗಳಿಗೆ ಫೋನ್ ಮಾಡಿ, ಅವಳ ಮನೆಯ ಕೆಳಗೆ ಕಟ್ಟಿದ ಬ್ಯಾನರ್ ಯಾವ ಬಣ್ಣದ್ದು ಎಂದು ಕೇಳಿ.