ಸಂಪಾದಕರ ಉತ್ತರ: 76 ನಿಮಿಷವೋ, 105 ನಿಮಿಷವೋ?

ಪತ್ರದ ಸಾರ: ಬೆಂಜಮಿನ್ ಕ್ರಿಸ್ಟೆನ್ಸನ್‌ನ ಮಾಟಗಾತಿಯರ ಕುರಿತ ಮೂಕಿ ಚಿತ್ರ ‘ಹೆಕ್ಸನ್’ (1922) ಒಂದು ಕಡೆ 76 ನಿಮಿಷ, ಇನ್ನೊಂದು ಕಡೆ 105 ನಿಮಿಷ ಇದೆ. ಯಾವುದು ಸರಿ? ಇಂಥ ಚಿತ್ರ ಮಾಡಿದವನು ಆಮೇಲೆ ಏನಾದ?

76 ನಿಮಿಷದ್ದು 1968ರಲ್ಲಿ ಕತ್ತರಿಸಿ, ಅಮೆರಿಕದ ಲೇಖಕ ವಿಲಿಯಂ ಬರೋಸ್‌ರ ನಿರೂಪಣೆ ಮತ್ತು ಜಾಝ್ ಸಂಗೀತ ಸೇರಿಸಿದ ಪ್ರತಿ. ಅದನ್ನು ಬಿಟ್ಟು, ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸರಿಪಡಿಸಿದ, ಬಣ್ಣದ ಛಾಯೆಗಳಿರುವ 105 ನಿಮಿಷದ ಪ್ರತಿಯನ್ನೇ ನೋಡಿ. ಮೂಕಿ ಚಿತ್ರಗಳ ಅವಧಿ ಓಡಿಸುವ ವೇಗದ ಮೇಲೂ ನಿಲ್ಲುತ್ತದೆ. 35 ಮಿ.ಮೀ. ಫಿಲ್ಮಿನ ಮೀಟರಿಗೆ ಸುಮಾರು 52 ಫ್ರೇಮು, ಅಂದರೆ ಬಿಡಿ ಚಿತ್ರ. 300 ಮೀಟರಿನ ರೀಲು ಸೆಕೆಂಡಿಗೆ 16 ಫ್ರೇಮಿನಂತೆ ಓಡಿದರೆ 16 ನಿಮಿಷ ದಾಟುತ್ತದೆ, 20ರಲ್ಲಿ 13, 24ರಲ್ಲಿ 11ಕ್ಕೇ ಮುಗಿಯುತ್ತದೆ. ಪಾತ್ರಗಳು ದಡಬಡ ಓಡಾಡಿದರೆ ಮೊದಲು ವೇಗವನ್ನೇ ಅನುಮಾನಿಸಬೇಕು.

1879ರಲ್ಲಿ ಡೆನ್ಮಾರ್ಕಿನ ವಿಬೊರ್ಗ್‌ನಲ್ಲಿ ಹುಟ್ಟಿದ ಕ್ರಿಸ್ಟೆನ್ಸನ್ ಒಪೆರಾ ಗಾಯಕನಾಗಲು ಹೊರಟವನು. ಕಂಠ ಕೈಕೊಟ್ಟಿತು, ಷಾಂಪೇನ್ ವ್ಯಾಪಾರವನ್ನೂ ಮಾಡಿದ. ಆತನ ನಿಜವಾದ ಕಸುಬು ಬೆಳಕು ಎಂಬುದು 1914ರ ಮೊದಲ ಚಿತ್ರ ‘ನಿಗೂಢ ಎಕ್ಸ್’ನಲ್ಲೇ ಕಾಣುತ್ತದೆ. ಗಾಳಿಗಿರಣಿಯ ಕತ್ತಲೆಯೊಳಗೆ ಬಾಗಿಲು ತೆರೆದಾಗ ಹೊಸ್ತಿಲಲ್ಲಿ ನಿಂತವರು ಬರೀ ಕಪ್ಪು ಆಕೃತಿಗಳು. ಇದಕ್ಕೆ ಎಕ್ಸ್‌ಪೋಷರ್ (ಫಿಲ್ಮಿಗೆ ಬೀಳಿಸುವ ಬೆಳಕಿನ ಅಳತೆ) ಹೊರಗಿನ ಬಿಸಿಲಿಗೆ ಇಡಬೇಕು. ಮುಖಕ್ಕೆ ಇಟ್ಟರೆ ಬಾಗಿಲು ಬೆಳ್ಳಗೆ ಸುಟ್ಟುಹೋಗಿ, ಬೆಳಕು ಫಿಲ್ಮಿನ ಹಿಂಬದಿಗೆ ಬಡಿದು ಮರಳಿ ಆಕೃತಿಯ ಅಂಚನ್ನೇ ತಿನ್ನುತ್ತದೆ. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೂ ಇರಲಿಲ್ಲ, ತುಟಿ ಕಪ್ಪಾಗುತ್ತಿತ್ತು.

‘ಹೆಕ್ಸನ್’ಗೆ ಹಣ ಹಾಕಿದ್ದು ಸ್ವೀಡನ್ನಿನ ಸ್ವೆನ್ಸ್ಕ್ ಫಿಲ್ಮ್‌ಇಂಡಸ್ಟ್ರಿ, ಚಿತ್ರೀಕರಣ ಡೆನ್ಮಾರ್ಕಿನಲ್ಲಿ. ಕತೆ, ನಿರ್ದೇಶನ, ಸೈತಾನನ ಪಾತ್ರ ಮೂರೂ ಅವನದೇ. (ನಾಲಿಗೆ ಚಾಚುತ್ತ ಮಜ್ಜಿಗೆ ಕಡೆಯುವ ಸೈತಾನನನ್ನು ಗಮನಿಸಿ.) ಖರ್ಚು ವಿಪರೀತವಾಯಿತು, ಹಲವು ದೇಶಗಳಲ್ಲಿ ಸೆನ್ಸಾರ್ ಕತ್ತರಿ ಬಿತ್ತು. ಅಂಥ ಸ್ವಾತಂತ್ರ್ಯ ಮತ್ತೆ ಸಿಗಲಿಲ್ಲ.

ಜರ್ಮನಿಯಲ್ಲಿ ಡೆನ್ಮಾರ್ಕಿನದೇ ನಿರ್ದೇಶಕ ಡ್ರೈಯರ್‌ನ ‘ಮಿಖೈಲ್’ನಲ್ಲಿ (1924) ನಟಿಸಿ, ಹಾಲಿವುಡ್ಡಿಗೆ ಹೋದ. ಎಂಜಿಎಂ ಸ್ಟುಡಿಯೋಗೆ ‘ದಿ ಡೆವಿಲ್ಸ್ ಸರ್ಕಸ್’ (1926), ನಟ ಲಾನ್ ಚಾನಿಯ ‘ಮಾಕರಿ’ (1927); ಬಳಿಕ ಇನ್ನೊಂದು ಸ್ಟುಡಿಯೋ ಫಸ್ಟ್ ನ್ಯಾಷನಲ್‌ಗೆ ದೆವ್ವದ ಮನೆಯ ಹಾಸ್ಯಚಿತ್ರಗಳು. ಪ್ರತಿಭೆ ಬತ್ತಿತ್ತು ಎಂದು ನಾನು ಒಪ್ಪುವುದಿಲ್ಲ. ಎಲ್ಲವೂ ತನ್ನ ಕೈಯಲ್ಲೇ ಇರಬೇಕೆನ್ನುವವನಿಗೆ ಸ್ಟುಡಿಯೋದ ಹಂಚಿಕೆಯ ಕೆಲಸ ಹೊಂದುವುದು ಕಷ್ಟ. 1929ರ ‘ಸೆವೆನ್ ಫುಟ್‌ಪ್ರಿಂಟ್ಸ್ ಟು ಸೇಟನ್’ ಇಟಾಲಿಯನ್ ಬರಹಫಲಕಗಳ ಪ್ರತಿಯಾಗಿ ಉಳಿದಿದೆ, ನೋಡಿ. ಬೆಳಕಿನ ಕೈ ಅಲ್ಲೂ ತಪ್ಪಿಲ್ಲ. 1939ರಿಂದ 1942ರವರೆಗೆ ಡೆನ್ಮಾರ್ಕಿನ ಚಿತ್ರಸಂಸ್ಥೆ ನಾರ್ಡಿಸ್ಕ್‌ಗೆ ನಾಲ್ಕು ಚಿತ್ರ ಮಾಡಿದ. ಕೊನೆಯದು ಸೋತ ಮೇಲೆ ಕೋಪನ್‌ಹೇಗನ್ ಬಳಿಯ ಚಿತ್ರಮಂದಿರವೊಂದನ್ನು ನಡೆಸುತ್ತಿದ್ದು 1959ರಲ್ಲಿ ತೀರಿಕೊಂಡ.