ಕ್ಲರ್ಕ್ ಕೆಲಸದ ಅಡ್ವೈಸ್ ಮೆಮೊ, ಕಲೆಕ್ಟರ್ ಸಂಬಳದ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಮನೆತನದ ವಿವರ ಬದಲಿಸಲಾಗಿದೆ.)

ಬದಿಯಡ್ಕ ಕಡೆಯ 27ರ ಯುವಕ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ. ಸಾಮಾನ್ಯ ವರ್ಗ. ಕೇರಳ ಪಿಎಸ್‌ಸಿಯಿಂದ (ರಾಜ್ಯದ ಲೋಕಸೇವಾ ಆಯೋಗ) ಎಲ್‌ಡಿ (ಕೆಳದರ್ಜೆ) ಕ್ಲರ್ಕ್ ಹುದ್ದೆಗೆ ಅಡ್ವೈಸ್ ಮೆಮೊ, ಅಂದರೆ ನೇಮಕಕ್ಕೆ ಶಿಫಾರಸಿನ ಪತ್ರ, ಬಂದಿದೆ, ಸೇರಲು ಮನಸ್ಸಿಲ್ಲ. ಬೆಂಗಳೂರಿನಲ್ಲಿ ಕೋಚಿಂಗ್ ಸೇರಿ ಮತ್ತೆ ಐಎಎಸ್ ಬರೆಯಬೇಕೆಂಬ ಹಟ. ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ಅಪ್ಪ ತಯಾರು, ಅಮ್ಮನಿಗೆ ಸುತರಾಂ ಒಪ್ಪಿಗೆಯಿಲ್ಲ. ಮನೆಯಲ್ಲಿ ಮಾತುಕತೆ ನಿಂತಿದೆ, ಹುಡುಗನಿಗೆ ನಿದ್ದೆಯಿಲ್ಲ.

"ಇಲ್ಲಿ 26,500, ಅಲ್ಲಿ ಎರಡೂವರೆ ಲಕ್ಷ, ಬಂಗಲೆ, ಕಾರು. ಯಾರಾದ್ರೂ ಇದನ್ನು ಹಿಡೀತಾರಾ ಸರ್?" ಎಂಬುದು ಅವನ ವಾದ.

ಮೊದಲು ಕಾಗದ ಪೆನ್ನು ಕೊಟ್ಟು ಲೆಕ್ಕ ಬರೆಸಲಾಯಿತು. 2,50,000 ಎಂಬುದು ಸಂಪುಟ ಕಾರ್ಯದರ್ಶಿಯ ಮೂಲವೇತನ. ಐಎಎಸ್‌ನಲ್ಲಿ ಆ ಹುದ್ದೆ ದೇಶಕ್ಕೆ ಒಂದೇ, ಅದೂ ಸೇವೆಯ ಕೊನೆಗಾಲಕ್ಕೆ. ಹೊಸದಾಗಿ ಸೇರಿದವರ ಮೂಲವೇತನ 7ನೇ ವೇತನ ಆಯೋಗದ 10ನೇ ಹಂತದಲ್ಲಿ 56,100. 2025ರ ಜನವರಿಯ ದರದಂತೆ ಡಿಎ (ತುಟ್ಟಿಭತ್ಯೆ) 55%, ಅಂದರೆ 30,855. ಕೇಂದ್ರದ ದರದಲ್ಲಿ ಸಣ್ಣ ಊರಿನ ಮನೆಬಾಡಿಗೆ ಭತ್ಯೆ 10%, ಅಂದರೆ 5,610. ಸಾರಿಗೆ ಭತ್ಯೆ 3,600, ಅದರ ಮೇಲಿನ ಡಿಎ ಸೇರಿ 5,580. ಒಟ್ಟು 98,145. ಇದರಲ್ಲಿ ಮೂಲವೇತನ ಮತ್ತು ಡಿಎಯ 10% ಎನ್‌ಪಿಎಸ್‌ಗೆ (ನೌಕರನ ಪಾಲೂ ಸೇರುವ ಹೊಸ ಪಿಂಚಣಿ ಯೋಜನೆ) ಹೋಗುತ್ತದೆ. ಉಳಿದ ಕಡಿತಗಳಿಗೆ ಮೊದಲು ಕೈಗೆ ಸುಮಾರು 89,000.

ಬಂಗಲೆ ಸಿಕ್ಕರೆ ಮನೆಬಾಡಿಗೆ ಭತ್ಯೆ ನಿಲ್ಲುತ್ತದೆ, ಮೇಲಿಂದ ಲೈಸೆನ್ಸ್ ಫೀ ಹಿಡಿಯುತ್ತಾರೆ. ಸರಕಾರಿ ಕಾರಿನಲ್ಲಿ ಓಡಾಡಿದರೆ ಸಾರಿಗೆ ಭತ್ಯೆ ಇಲ್ಲ. ಎರಡೂ ಸಿಕ್ಕ ತಿಂಗಳು ಕೈಗೆ ಬರುವುದು 78,000ದ ಆಸುಪಾಸು. ಬಂಗಲೆ, ಕಾರು, ಜವಾನ ಎಲ್ಲ ಕುರ್ಚಿಗೆ ಸೇರಿದ್ದು. ವರ್ಗವಾದರೆ ಅಲ್ಲೇ ಬಿಟ್ಟು ಹೋಗಬೇಕು. ಇದನ್ನು ಕೇಳಿದ ಮೇಲೂ ಐಎಎಸ್ ಬೇಕು ಅನ್ನಿಸಿದರೆ ಆ ಆಸೆಗೆ ಬೆಲೆಯಿದೆ ಎಂದು ಹೇಳಲಾಯಿತು.

ಇನ್ನೊಂದು ತುದಿಯ ಲೆಕ್ಕವೂ ತಪ್ಪಿತ್ತು. 26,500 ಬರೀ ಮೂಲವೇತನ. ಸ್ಕೇಲು 60,700ರವರೆಗೆ ಹೋಗುತ್ತದೆ, ಡಿಎ ಬೇರೆ. 2025ರಲ್ಲಿ ಕೇರಳದ ಡಿಎ ಕೇಂದ್ರಕ್ಕಿಂತ ಬಹಳ ಹಿಂದಿತ್ತು, ಅದು ನಿಜ. 2013ರ ಏಪ್ರಿಲ್‌ನಿಂದ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ. ಅಪ್ಪನ ತಲೆಯಲ್ಲಿ ಇನ್ನೂ ಹಳೇ ಪಿಂಚಣಿಯೇ ಕೂತಿತ್ತು. ಅದನ್ನು ಅವರೆದುರೇ ಬಿಡಿಸಿ ಹೇಳಬೇಕಾಯಿತು.

ಹುಡುಗನಿಗೆ ಗೊತ್ತೇ ಇರದಿದ್ದದ್ದು ಕೇರಳ ಆಡಳಿತ ಸೇವೆಯ ಎರಡನೇ ಬಾಗಿಲು. ಆ ಸೇವೆಗೆ ನೇರವಾಗಿ ಬರುವವರಿಗೆ ವಯೋಮಿತಿ 32. ಪ್ರೊಬೇಷನ್ ಮುಗಿಸಿದ ನಾನ್‌-ಗೆಜೆಟೆಡ್ ಸರಕಾರಿ ನೌಕರರಿಗೆ ಬೇರೆಯೇ ಸ್ಟ್ರೀಮ್ ಇದೆ, ಅಲ್ಲಿ 40ರವರೆಗೆ ಅವಕಾಶ. ಅಲ್ಲಿಯ ಆರಂಭಿಕ ಮೂಲವೇತನ 81,800 ಎಂದು 2021ರಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದಾಗ ಐಎಎಸ್ ವಲಯದಿಂದಲೇ ತಕರಾರು ಬಂದಿತ್ತು. "ಕ್ಲರ್ಕ್ ಆದರೆ ಅಲ್ಲಿಗೇ ಮುಗೀತು" ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ಎರಡನೇ ಭೇಟಿಯಲ್ಲಿ ಸಂಬಳದ ಮಾತು ಪಕ್ಕಕ್ಕಿಟ್ಟು ಅಂಕಪಟ್ಟಿ ನೋಡಲಾಯಿತು. ಐಎಎಸ್‌ಗಾಗಿ ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ಪರೀಕ್ಷೆ ಬರೆದ ಎರಡೂ ಸಲ ಪ್ರಿಲಿಮ್ಸ್‌ನಲ್ಲೇ (ಮೊದಲ ಹಂತ) ಬಿದ್ದಿದ್ದ, ಎರಡೂ ಸಲ ಸಿಸ್ಯಾಟ್‌ನಲ್ಲಿ, ಅಂದರೆ ಗದ್ಯಗ್ರಹಿಕೆ, ಲೆಕ್ಕ, ತರ್ಕದ ಎರಡನೇ ಪತ್ರಿಕೆಯಲ್ಲಿ. ಅಲ್ಲಿ 33% ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಗಳಿಸಿದರೂ ಪ್ರಯೋಜನವಿಲ್ಲ. ಮುಂದಿನ ಹಂತವಾದ ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಹಿಂದಿ, ಇಂಗ್ಲಿಷಿನಲ್ಲಷ್ಟೇ. ಪಿಎಸ್‌ಸಿ ಪತ್ರಿಕೆ ಕನ್ನಡದಲ್ಲಿ ಬರೆದು ಗೆದ್ದವನು ಇಂಗ್ಲಿಷ್ ಗದ್ಯಭಾಗದ ಪ್ರಶ್ನೆಗಳಲ್ಲಿ ಹೊತ್ತು ಕಳೆದುಕೊಳ್ಳುತ್ತಿದ್ದ. ಸಾಲ ಮಾಡಿ ಕೋಚಿಂಗ್‌ಗೆ ಹೋದರೆ ಇದೇ ಕೊರತೆಯನ್ನೂ ಹೊತ್ತು ಹೋಗುತ್ತಿದ್ದ.

ಕೊಟ್ಟ ಸಲಹೆ: ಮೆಮೊದ ಗಡುವಿನೊಳಗೆ ಕೆಲಸಕ್ಕೆ ಸೇರುವುದು. ತೋಟ ಅಡವಿಡುವುದು ಬೇಡ. ದಿನಾ ಬೆಳಗ್ಗೆ ಹಳೆಯ ಸಿಸ್ಯಾಟ್ ಪತ್ರಿಕೆಯಿಂದ ಮೂರು ಗದ್ಯಭಾಗ, ಗಡಿಯಾರ ಇಟ್ಟುಕೊಂಡು. ಅರ್ಜಿ ಹಾಕಿದ ಮಾತ್ರಕ್ಕೆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ, ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕೂತರೂ ಬರುತ್ತದೆ. ಸಾಮಾನ್ಯ ವರ್ಗಕ್ಕಿರುವ ಆರು ಪ್ರಯತ್ನಗಳಲ್ಲಿ ನಾಲ್ಕು ಉಳಿದಿವೆ. ಹಾಗಾಗಿ ಸಿಸ್ಯಾಟ್ ಅಭ್ಯಾಸದಲ್ಲಿ 200ಕ್ಕೆ ಸತತವಾಗಿ 80 ಅಂಕ ದಾಟುವ ತನಕ ಪರೀಕ್ಷೆಗೆ ಕೂರಬಾರದು. ಕೆಲಸದಲ್ಲಿದ್ದು ಯುಪಿಎಸ್‌ಸಿಗೆ ಅರ್ಜಿ ಹಾಕುವಾಗ ಕಚೇರಿ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಬೇಕು. ಆ ಪತ್ರದ ಪ್ರತಿ ಜೋಪಾನ.

ಹುಡುಗ ಒಪ್ಪಿದ, ಪೂರ್ತಿ ಮನಸ್ಸಿನಿಂದಲ್ಲ. 30 ತುಂಬುವ ತನಕ ಯುಪಿಎಸ್‌ಸಿ, ಆಮೇಲೆ ಕೇರಳ ಆಡಳಿತ ಸೇವೆ ಎಂದು ಅಮ್ಮನೆದುರು ತಾರೀಕು ಹಾಕಿ ಬರೆದುಕೊಟ್ಟ. ನಿದ್ದೆಯ ವಿಷಯಕ್ಕೆ ಮುಂದಿನ ತಿಂಗಳು ಮತ್ತೆ ಬರಲು ಹೇಳಲಾಗಿದೆ.