ಪಿಕಪ್‌ನ ಹೀಟರ್ ಪ್ಲಗ್ ಮುರಿಯದ ಹಾಗೆ ಬಿಚ್ಚುವುದು

ಅಣ್ಣ, ಸಕಲೇಶಪುರದ ಚಳಿಗೆ ನಿಮ್ಮ ಡೀಸೆಲ್ ಪಿಕಪ್ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸ್ಟಾರ್ಟ್ ಆಗುತ್ತದೆ, ಬಿಳಿ ಹೊಗೆ ಉಗುಳುತ್ತದೆ ಅಂತ ಬರೆದಿದ್ದೀರಿ. ಮೆಕ್ಯಾನಿಕ್ ನೋಡಿ ಹೀಟರ್ ಪ್ಲಗ್ (ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್) ಹೋಗಿದೆ, ಬಿಚ್ಚಿದರೆ ಮುರಿಯುತ್ತದೆ, ಹೆಡ್ (ಪ್ಲಗ್ ಕೂರುವ, ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಇಳಿಸಬೇಕಾಗಬಹುದು ಎಂದರಂತೆ. ಅವರು ಸುಮ್ನೆ ಹೆದರಿಸುತ್ತಿಲ್ಲ. ಆದರೆ ನಿಧಾನವಾಗಿ ಮಾಡಿದರೆ ಹೆಚ್ಚಿನ ಪ್ಲಗ್‌ಗಳು ಹಾಗೇ ಬರುತ್ತವೆ. ಕಾಫಿ ಕುಯ್ಲು ಶುರುವಾದ ಮೇಲೆ ಗಾಡಿಗೆ ರಜೆ ಕೊಡಲು ಆಗುವುದಿಲ್ಲ, ಹಾಗಾಗಿ ಈ ಕೆಲಸಕ್ಕೆ ಈಗಲೇ ಕೈ ಹಾಕಿ.

ಮೊದಲು ಪ್ಲಗ್ ನಿಜವಾಗಿ ಹೋಗಿದೆಯಾ ನೋಡಿ. ನಾಲ್ಕೂ ಪ್ಲಗ್ ಒಂದೇ ಸಲ ಸಾಯುವುದು ಅಪರೂಪ. ಒಂದಕ್ಕೂ ಕರೆಂಟ್ ಬರುತ್ತಿಲ್ಲ ಅಂದರೆ ರಿಲೇ ಅಥವಾ ಫ್ಯೂಸ್ ಹೋಗಿರುವ ಸಾಧ್ಯತೆ ಜಾಸ್ತಿ. ಪ್ಲಗ್‌ಗಳಿಗೆ ವೈರ್ ಅಥವಾ ಪಟ್ಟಿ ಸೇರಿಸಿರುತ್ತಾರೆ, ಅದನ್ನು ಬಿಚ್ಚಿ ಒಂದೊಂದನ್ನೂ ಬೇರೆ ಮಾಡಿಕೊಳ್ಳಿ. ಪಟ್ಟಿ ಬಿಚ್ಚದೆ ಅಳೆದರೆ ಎಲ್ಲವೂ ಸೇರಿ ಒಂದೇ ರೀಡಿಂಗ್ ತೋರಿಸುತ್ತದೆ. ಮಲ್ಟಿಮೀಟರ್‌ನ ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಹೆಡ್‌ಗೆ. ಒಳ್ಳೆಯ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಮೀಟರ್ ಏನೂ ಅಲ್ಲಾಡದಿದ್ದರೆ ಒಳಗಿನ ಕಾಯಿಲ್ ತುಂಡಾಗಿದೆ. ಎಲ್ಲವೂ ಸರಿ ಇದ್ದೂ ಬಿಳಿ ಹೊಗೆ ಬಂದರೆ ಇಂಜೆಕ್ಟರ್, ಕಂಪ್ರೆಶನ್ ನೋಡಬೇಕು. ಆಗ ಪ್ಲಗ್ ಮುಟ್ಟುವ ಅಗತ್ಯವೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೋಗಿರುವುದನ್ನು ಮಾತ್ರ ಬಿಚ್ಚಿ. ಸೆಟ್ ಪೂರ್ತಿ ಬದಲಾಯಿಸಿ ಎಂದು ಅಂಗಡಿಯವರು ಹೇಳುತ್ತಾರೆ, ತಪ್ಪಲ್ಲ. ಆದರೆ ಕೆಲಸ ಮಾಡುತ್ತಿರುವ ಪ್ಲಗ್ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಮುರಿದುಕೊಂಡು ಹೆಡ್ ಇಳಿಸುವುದು ಯಾವ ಲಾಭಕ್ಕೆ?

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಅಮೆರಿಕದ ಫೋರ್ಡ್ ಪಿಕಪ್‌ನ ಪ್ಲಗ್ ಬಿಚ್ಚುವ ವಿಡಿಯೊ ಹಾಕಿದ್ದಾರೆ. ಅದು 5.4 ಲೀಟರ್, ಸಿಲಿಂಡರ್‌ಗೆ ಮೂರು ವಾಲ್ವ್‌ನ ಪೆಟ್ರೋಲ್ ಎಂಜಿನ್. ಅದರ ಸ್ಪಾರ್ಕ್ ಪ್ಲಗ್ ಎರಡು ಭಾಗ ಸೇರಿಸಿ ಮಾಡಿದ್ದು. ಥ್ರೆಡ್ ದಾಟಿದ ಉದ್ದನೆಯ ಕೊಳವೆಯಂಥ ಭಾಗ ಕಾರ್ಬನ್‌ನಲ್ಲಿ ಸಿಕ್ಕಿಕೊಂಡು ಮೇಲಿನ ಭಾಗ ಮಾತ್ರ ಕೈಗೆ ಬರುತ್ತದೆ. ನಮ್ಮ ಹೀಟರ್ ಪ್ಲಗ್‌ನ ಕಷ್ಟವೂ ಹೆಚ್ಚುಕಡಿಮೆ ಅದೇ. ಥ್ರೆಡ್ ಮೇಲಿರುತ್ತದೆ, ಕೆಳಗಿನ ಸಪೂರ ಭಾಗದ ಸುತ್ತ ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ. ಆದರೆ ಆ ವಿಡಿಯೊದಲ್ಲಿ ಎಂಜಿನ್ ತಣ್ಣಗಿರುವಾಗ ಬಿಚ್ಚುತ್ತಾರೆ. ಪೆಟ್ರೋಲ್ ಗಾಡಿಯ ಅಲ್ಯೂಮಿನಿಯಂ ಹೆಡ್‌ನಲ್ಲಿ ಬಿಸಿ ಇದ್ದಾಗ ತಿರುಗಿಸಿದರೆ ಹೆಡ್‌ನ ಥ್ರೆಡ್ಡೇ ಕಿತ್ತು ಬರುವ ಭಯ ಇದೆ. ನಮ್ಮ ಪೆಟ್ರೋಲ್ ಓಮ್ನಿಗೂ ಅದೇ ಮಾತು. ಹೀಟರ್ ಪ್ಲಗ್ ಮಾತ್ರ ಎಂಜಿನ್ ಬಿಸಿ ಇದ್ದಾಗಲೇ ಬಿಚ್ಚುವುದು ಉತ್ತಮ. ಎರಡನ್ನೂ ಕಲಸಬೇಡಿ.

ಈಗ ಕೆಲಸಕ್ಕೆ ಬನ್ನಿ. ಪ್ಲಗ್ ಕೂತ ಗುಂಡಿಯನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ. ತೋಟದ ಗಾಡಿ, ಎಲೆ ಚೂರು, ಮಣ್ಣು ಎಲ್ಲ ಇರುತ್ತದೆ, ಪ್ಲಗ್ ಬಂದ ಮೇಲೆ ಅದು ನೇರ ಸಿಲಿಂಡರ್‌ಗೇ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಒಂದು ಸಲ ಬಿಟ್ಟು ಹತ್ತು ನಿಮಿಷಕ್ಕೆ ಪಾನಾ ಹಿಡಿಯಬೇಡಿ. ಸಂಜೆ ಗಾಡಿ ಓಡಿಸಿ ಬಂದು ನಿಲ್ಲಿಸಿದ ಮೇಲೆ ಸ್ವಲ್ಪ ಬಿಡಿ, ಮಾರನೇ ದಿನ ಎಂದಿನಂತೆ ಓಡಿಸಿ, ಸಂಜೆ ಮತ್ತೆ ಬಿಡಿ. ನಾಲ್ಕೈದು ದಿನ ಹೀಗೆ ಮಾಡಿದರೆ ಎಣ್ಣೆ ಥ್ರೆಡ್ ಒಳಗೆ ಇಳಿಯುತ್ತದೆ.

ಬಿಚ್ಚುವ ದಿನ ಎಂಜಿನ್ ಪೂರ್ತಿ ಬಿಸಿ ಆಗುವ ತನಕ ಓಡಿಸಿ, ನಿಲ್ಲಿಸಿ, ಗ್ಲೌಸ್ ಹಾಕಿಕೊಳ್ಳಿ. ಸರಿಯಾದ ಅಳತೆಯ ಉದ್ದನೆ ಸಾಕೆಟ್, ಜೊತೆಗೆ ಟಾರ್ಕ್ ರೆಂಚ್ (ಎಷ್ಟು ಬಲ ಬೀಳುತ್ತಿದೆ ಎಂದು ತಿಳಿಸುವ ಪಾನಾ) ಬೇಕೇ ಬೇಕು. ಬಿಚ್ಚುವ ಕಡೆಗೂ ಕೆಲಸ ಮಾಡುವ ರೆಂಚ್ ಆಗಿರಲಿ. ಸಾಮಾನ್ಯವಾಗಿ ಎಂ8 (ಅಂದರೆ 8 ಮಿ.ಮೀ. ದಪ್ಪದ) ಥ್ರೆಡ್ಡಿನ ಪ್ಲಗ್ 20 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಹತ್ತಿರ, ಎಂ10 ಪ್ಲಗ್ 35 ಹತ್ತಿರ, ಎಂ12 ಪ್ಲಗ್ 45 ಹತ್ತಿರ ಮುರಿಯುತ್ತದೆ. ಬರಿಗೈಗೆ ಈ ಲೆಕ್ಕ ಸಿಗುವುದಿಲ್ಲ. ಎಂ8 ಅಂತೂ ಕೈ ಬಲಕ್ಕೇ ತುಂಡಾಗುತ್ತದೆ. ಆ ಅಳತೆಗಿಂತ ಸ್ವಲ್ಪ ಕೆಳಗೆ ರೆಂಚ್ ಇಟ್ಟುಕೊಳ್ಳಿ, ಅದು ಕಟ್ ಅಂತ ಸದ್ದು ಮಾಡಿದರೆ ಅಲ್ಲಿಗೆ ನಿಲ್ಲಿಸಿ. ಪೈಪ್ ಹಾಕಿ ಎಳೆಯುವುದು ಬೇಡ. ಮತ್ತೆ ಬಿಸಿ, ಮತ್ತೆ ಎಣ್ಣೆ, ಮತ್ತೆ ಒಂದು ದಿನ.

ಸ್ವಲ್ಪ ಅಲ್ಲಾಡಿತು ಅಂತ ಖುಷಿಯಲ್ಲಿ ಒಂದೇ ಸಮ ತಿರುಗಿಸಬೇಡಿ, ಹೆಚ್ಚಿನವು ಮುರಿಯುವುದು ಇಲ್ಲೇ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಟೈಟ್ ಮಾಡಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಹಗುರವಾಗಿ ಬರುತ್ತಿದ್ದುದು ನಡುವೆ ಗಟ್ಟಿಯಾದರೆ ಕಾರ್ಬನ್ ಸಿಕ್ಕಿದೆ ಅಂತ ಅರ್ಥ. ಹಿಂದೆ ಹೋಗಿ ಮತ್ತೆ ಬನ್ನಿ. ಥ್ರೆಡ್ ಪೂರ್ತಿ ಬಿಟ್ಟ ಮೇಲೂ ಹೊರಗೆ ಬರದಿದ್ದರೆ ತುದಿ ಉಬ್ಬಿರಬಹುದು. ಅದನ್ನು ಪ್ಲೈಯರ್‌ನಲ್ಲಿ ಎಳೆದರೆ ತುದಿ ಒಳಗೇ ಉಳಿಯುತ್ತದೆ. ಅಂಥದ್ದಕ್ಕೆ ಎಳೆಯುವ ಟೂಲ್ ಬೇರೆಯೇ ಇದೆ. ಆ ಸೆಟ್ ಇರುವ ಗ್ಯಾರೇಜ್ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಮುರಿದರೆ ಖರ್ಚು ಯಾರದ್ದು ಅನ್ನುವುದನ್ನೂ ಪಾನಾ ಹಾಕುವ ಮೊದಲೇ ಮಾತಾಡಿ ಅಣ್ಣ, ಆಮೇಲೆ ಜಗಳ ಬೇಡ.

ಪ್ಲಗ್ ಬಂತು ಅಂದ ತಕ್ಷಣ ಹೊಸದು ತುರುಕಬೇಡಿ. ತೂತಿನೊಳಗೆ ಕಾರ್ಬನ್ ಹಾಗೇ ಇದೆ. ಆ ಎಂಜಿನ್‌ಗೆ ಸರಿಹೊಂದುವ ರೀಮರ್‌ಗೆ (ತೂತಿನ ಒಳಗೋಡೆ ಕೆರೆಯುವ ಟೂಲ್) ಗ್ರೀಸ್ ಸವರಿ, ಕೈಯಲ್ಲೇ ನಿಧಾನ ತಿರುಗಿಸಿ ತೆಗೆಯಿರಿ. ಪುಡಿ ಗ್ರೀಸ್‌ಗೆ ಅಂಟಿಕೊಂಡು ಬರುತ್ತದೆ. ಹೊಸ ಪ್ಲಗ್ ಮೊದಲು ಬೆರಳಲ್ಲೇ ಕೂರಬೇಕು. ಆಮೇಲೆ ಎಂ8 ಆದರೆ 10, ಎಂ10 ಆದರೆ 15 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ವೋಲ್ಟೇಜ್ ಹಳೆಯ ಪ್ಲಗ್‌ನದ್ದೇ ಇರಲಿ. ಹೊಸ ಗಾಡಿಗಳ ಪ್ಲಗ್ ಕೆಲವು 12 ವೋಲ್ಟ್‌ಗಿಂತ ಎಷ್ಟೋ ಕಡಿಮೆಯವು, ಅವನ್ನು ನೇರ ಬ್ಯಾಟರಿಗೆ ಕೊಟ್ಟು ಕೆಂಪಾಗುತ್ತಾ ಅಂತ ನೋಡಿದರೆ ಅಲ್ಲೇ ಸುಟ್ಟು ಹೋಗುತ್ತವೆ. ಸೆರಾಮಿಕ್ ತುದಿಯದ್ದು ಕೈಜಾರಿ ನೆಲಕ್ಕೆ ಬಿದ್ದರೆ ಹಾಕಬೇಡಿ. ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಬಹುದು, ತುಂಡು ಸಿಲಿಂಡರ್‌ಗೆ ಬೀಳುತ್ತದೆ.

ಮೀಟರ್ ರೀಡಿಂಗ್ ತೆಗೆದ ಮೇಲೆ ನಾಲ್ಕರದ್ದೂ ಇಲ್ಲಿ ಹಾಕಿ. ಗಾಡಿ ಯಾವ ವರ್ಷದ್ದು, ಪ್ಲಗ್ ಥ್ರೆಡ್ ಎಂ8 ಅಥವಾ ಎಂ10 ಅಂತಲೂ ಬರೆಯಿರಿ, ನೋಡಿ ಹೇಳುತ್ತೇನೆ.